ಕಿವಿಯಿಂದ ಕೊಂಡ ಕಂಪ್ಯೂಟರ್

ನಮ್ಮ ಭಾವನಿಗೆ ಕಂಪ್ಯೂಟರ್ ನೋಡಲು ಬರುವುದಿಲ್ಲ. ಕೇಳಲು ಬರುತ್ತದೆ.

ಹೀಗೆಂದರೆ ನೀವು ನಗುತ್ತೀರಿ. ನಗಿ, ನನ್ನ ಅಭ್ಯಂತರವಿಲ್ಲ. ಅವರ ಹಿಂದೆ ಮದ್ದೂರು, ಮಳವಳ್ಳಿ ಸುತ್ತಿದವನು ನಾನು, ನೀವಲ್ಲವಲ್ಲ! ಬೇರೆ ಜನ ಕಂಪ್ಯೂಟರ್ ಅಂಗಡಿಗೆ ಹೋದರೆ ಅದು ಎಷ್ಟು ಬೇಗ ಓಡುತ್ತದೆ, ಪರದೆ ಎಷ್ಟು ದೊಡ್ಡದು, ಗ್ಯಾರಂಟಿ ಉಂಟೇ ಎಂದು ವಿಚಾರಿಸುತ್ತಾರೆ. ನಮ್ಮ ಭಾವ ಇದಾವುದನ್ನೂ ಕೇಳುವುದಿಲ್ಲ. ಕಣ್ಣು ಮುಚ್ಚಿ, ಒಂದು ಮರದ ಸ್ಕೇಲಿನ ಈ ತುದಿಯನ್ನು ಯಂತ್ರದ ಬೆನ್ನಿಗೂ ಆ ತುದಿಯನ್ನು ತಮ್ಮ ಕಿವಿಗೂ ಹಚ್ಚಿಕೊಂಡು ಧ್ಯಾನಸ್ಥರಾಗುತ್ತಾರೆ. ಡಾಕ್ಟರು ರೋಗಿಯ ಎದೆ ನೋಡುವ ಹಾಗೆ. ಪಕ್ಕದಲ್ಲಿ ನಿಂತ ನನಗೆ ನನ್ನ ಬಿ.ಪಿ. ನೆನಪಾಗುತ್ತದೆ.

ನನಗೆ ಬಿ.ಪಿ. ನೆನಪಾಗದ ಸಂದರ್ಭಗಳೇ ಕಡಿಮೆ ಎನ್ನಿ. ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟರಾಗಿರುವ ನಾನು ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡ್ ತಲುಪಿದ ಮೇಲೆ, ಬೀಗ ಹಾಕಿದೆನೋ ಇಲ್ಲವೋ ಎಂದು ನೋಡಲು ವಾಪಸು ಹೋಗಿ, ಹಾಕಿದ್ದನ್ನು ಕಣ್ಣಾರೆ ಕಂಡು, ಮತ್ತೆ ಬಸ್‌ಸ್ಟ್ಯಾಂಡ್ ತಲುಪಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುವ ಪೈಕಿ. "ನೀವು ಎಲ್ಲಿಗೂ ಹೋಗೋದು ಬೇಡ, ಆ ಬೀಗದ ಬದಲು ನೀವೇ ಬಾಗಿಲಿಗೆ ನೇತಾಡಿಬಿಡಿ" ಎಂದು ನನ್ನ ಹೆಂಡತಿ ಬಹಳ ಹಿಂದೆಯೇ ಸಲಹೆ ಕೊಟ್ಟಿದ್ದಾಳೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಂಡ್ಯದ ಗುತ್ತಲಿನಲ್ಲಿ ಮನೆ. ನಾಲೆಗಳನ್ನು ನೋಡಿಕೊಳ್ಳುವ ಇಂಜಿನಿಯರಾಗಿ ರಿಟೈರಾದವರು. ಸರ್ವೀಸೆಲ್ಲ ಕಳೆದದ್ದು ಮಳವಳ್ಳಿ ಕಡೆ, ನಾಲೆಯ ಕಡೇ ಭಾಗದಲ್ಲಿ. ಮೇಲಿನವರು ಗದ್ದೆ ತುಂಬಿಸಿಕೊಂಡು ಉಳಿಸಿದ ನೀರನ್ನು ಕೆಳಗಿನವರಿಗೆ ಮುಟ್ಟಿಸುವುದು ಅವರ ಕೆಲಸವಾಗಿತ್ತು. ತೂಬಿನ ಗೇಟು ಮುಚ್ಚಿದ್ದರೂ ಒಳಗೆ ಎಲ್ಲೋ ನೀರು ನುಸುಳುತ್ತಿದೆಯೇ ಎಂದು ತಿಳಿಯಲು ಗೇಟಿಗೊಂದು ಕೋಲು ಆನಿಸಿ ಕಿವಿ ಕೊಡುವ ಅಭ್ಯಾಸ ಅಲ್ಲಿಯದೇ.

"ನೀರು ಕದಿಯೋನು ಕಣ್ಣಿಗೆ ಕಾಣಾಕಿಲ್ಲ ಕಣ್ಲಾ. ಕಿವಿಗೆ ಸಿಕ್ಕಾಕತ್ತಾನೆ" ಎನ್ನುತ್ತಾರೆ.

ರಿಟೈರಾದ ಮೇಲೆ ಕೋಲು ಇಲಾಖೆಯಲ್ಲೇ ಉಳಿಯಿತು, ಕಿವಿ ಮಾತ್ರ ಮನೆಗೆ ಬಂತು. ಅದು ಬಂದದ್ದೇ ಬಂದದ್ದು, ಅಕ್ಕನ ಮನೆಯ ಯಂತ್ರಗಳಿಗೆಲ್ಲ ಶನಿ ಹಿಡಿಯಿತು. ಗೊರ್ ಎನ್ನುತ್ತದೆಂದು ಫ್ರಿಜ್ಜು ಹಿತ್ತಲ ಪ್ಯಾಸೇಜಿಗೆ ಗಡೀಪಾರಾಯಿತು. ಮೊಸರು ಬೇಕಾದರೆ ಚಪ್ಪಲಿ ಹಾಕಿಕೊಂಡು ಹೋಗಬೇಕು. ಮಿಕ್ಸಿ ತಿರುಗಬೇಕಾದರೆ ಅವರು ವಾಕಿಂಗಿಗೆ ಹೋಗಿರಬೇಕು. ಮುಂದಿನ ಕೋಣೆಯ ಗೋಡೆ ಗಡಿಯಾರ ಟಿಕ್‌ಟಿಕ್ ಅನ್ನುತ್ತದೆಂದು ಅದರ ಸೆಲ್ ಕಿತ್ತಿಟ್ಟಿದ್ದಾರೆ. ಟೈಮು ಬೇಕಾದವರು ಆ ಗಡಿಯಾರದ ಕೆಳಗೆ ನಿಂತು ಮೊಬೈಲ್ ನೋಡಿಕೊಳ್ಳುತ್ತಾರೆ!

ಇಂಥ ಮನುಷ್ಯನಿಗೆ ದೇವರು ಕೊಟ್ಟ ಹೆಂಡತಿಯಾದರೂ ಎಂಥವಳು? ಹಾಡುವವಳು.

ನನ್ನ ಅಕ್ಕ ಸಭೆ ಸಮಾರಂಭದಲ್ಲಿ ಹಾಡಿದವಳಲ್ಲ. ಎದುರಿಗೆ ಗಂಡಸರು ಕೂತರೆ ಗಂಟಲು ಕಟ್ಟುವಷ್ಟು ಸಂಕೋಚ. ಆದರೆ ಮಧ್ಯಾಹ್ನದ ಹೊತ್ತು ಮುಂದಿನ ಕೋಣೆಯಲ್ಲಿ ಶ್ರುತಿಪೆಟ್ಟಿಗೆ ಹಾಕಿಕೊಂಡು ಮೆಲುದನಿಯಲ್ಲಿ ದೇವರನಾಮ ಹಾಡುತ್ತಾಳೆ. ಕೊರೊನಾ ಕಾಲದಲ್ಲಿ ಯಾರೋ ಗೆಳತಿ ಫೋನಿನಲ್ಲಿ ಮುಖ ನೋಡಿಕೊಂಡೇ ಕಲಿಸಿಕೊಡಿ ಎಂದಳಂತೆ. ಒಬ್ಬಳಿಗೆ ಇನ್ನೊಬ್ಬಳು ಸೇರಿ, ಗುತ್ತಲಿನಿಂದ ಮಳವಳ್ಳಿಯವರೆಗೆ ಒಂದು ದೊಡ್ಡ ಮಹಿಳಾ ಗುಂಪೇ ಆಗಿಹೋಯಿತು. ದಿನಾ ಮಧ್ಯಾಹ್ನ ಪರದೆ ತುಂಬ ಪುಟ್ಟ ಪುಟ್ಟ ಮುಖಗಳು. ಅಕ್ಕ ಒಂದು ಸಾಲು ಹೇಳುವುದು, ಅವರು ತಲಾ ಒಂದೊಂದು ಕಾಲದಲ್ಲಿ ಅದನ್ನು ಹಿಂತಿರುಗಿಸುವುದು.

ಭಾವ ಮಾತ್ರ ಒಂದು ದಿನವೂ ಆ ಕೋಣೆಯಲ್ಲಿ ಕೂತವರಲ್ಲ. ಅಕ್ಕ ಶ್ರುತಿಪೆಟ್ಟಿಗೆಗೆ ಕೈ ಹಾಕಿದಳೋ, ಇವರು ಪೇಪರ್ ಎತ್ತಿಕೊಂಡು ಜಗಲಿಗೆ. ಇವತ್ತಿನ ಮಾತಲ್ಲ, ಮದುವೆಯಾದ ಹೊಸದರಲ್ಲೂ ಹೀಗೇ.

"ನಿಮ್ಮ ಭಾವಂಗೆ ನನ್ ಹಾಡೂ ಒಂದೇ ಮಿಕ್ಸೀನೂ ಒಂದೇ ಕಣೋ. ಎರಡಕ್ಕೂ ಎದ್ದೋಗ್ತರೆ" ಎಂದು ಅಕ್ಕ ನಗುತ್ತಾಳೆ. ನಾವೂ ನಗುತ್ತೇವೆ. ಭಾವ ನಗುವುದಿಲ್ಲ, ಪೇಪರ್ ಓದುತ್ತಿರುತ್ತಾರೆ.

ಇಷ್ಟರ ಮಧ್ಯೆ ಒಂದು ಅವಾಂತರವಾಯಿತು. ಪುಕ್ಕಟೆಯಾಗಿ ನಾಲ್ಕು ಬಗೆಯ ತಂಬೂರಿ ನುಡಿಸುತ್ತದೆ ಎಂದು ಅಕ್ಕ ಅದೇನನ್ನೋ ಒತ್ತಿ ಫೋನಿಗೆ ಇಳಿಸಿಕೊಂಡಿದ್ದಾಳೆ. ತಂಬೂರಿಯ ಜೊತೆಗೆ ಇನ್ನೇನೋ ಇಳಿದಿದೆ. ಮರುದಿನ ಹಾಡಿನ ಮಧ್ಯೆ ಯಾವಳೋ ಒಬ್ಬಳು ಕಿಲಕಿಲ ನಗುತ್ತ ಇಸ್ಪೀಟು ಆಡಲು ಕರೆದಳು. ಅದೂ ಹೋಗಲಿ. ಸಂಜೆಯ ಹೊತ್ತಿಗೆ ಅಕ್ಕನ ನಂಬರಿನಿಂದ ಹಾಡಿನ ಗುಂಪಿನ ಎಲ್ಲರಿಗೂ ಒಂದು ಮೆಸೇಜು ಹೋಯಿತು: 'ನಿಮ್ಮ ಹೊಟ್ಟೆ ನಿಮಗೆ ನಾಚಿಕೆ ತರುತ್ತಿದೆಯೇ? ಇಲ್ಲಿ ಒತ್ತಿ.'

ಗುಂಪಿನಲ್ಲಿ ಮಳವಳ್ಳಿಯ ಒಬ್ಬ ಹೆಡ್‌ಮಿಸ್ಸಿದ್ದಾರೆ. ಆಕೆಯ ಆಕಾರ ವರ್ಣಿಸಲು ನನಗೆ ಧೈರ್ಯವಿಲ್ಲ. ಆಕೆಗೂ ಹೋಯಿತು.

ಅಕ್ಕನ ಮಗಳು ಮಳವಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಸಂಜೆ ಬಸ್ಸಿಳಿದು ಬಂದವಳೇ ಫೋನನ್ನು ಒರೆಸಿ, ತೊಳೆದು, ಹೊಸದರಂತೆ ಮಾಡಿ ಕೊಟ್ಟಳು. ಗುಂಪಿನವರಿಗೆಲ್ಲ ಕ್ಷಮಾಪಣೆಯೂ ಹೋಯಿತು. ಅಕ್ಕ ಮಾತ್ರ ಫೋನು ಮುಟ್ಟಲಿಲ್ಲ. ಶ್ರುತಿಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಕ್ಲಾಸು ನಿಂತಿತು. ಕ್ಲಾಸಿಲ್ಲದಿದ್ದರೂ ಸುಮ್ಮನೆ ಹಾಡಿಕೊಳ್ಳುತ್ತಿದ್ದಳಲ್ಲ, ಅದೂ ನಿಂತಿತು.

"ಆವಮ್ಮನ ಮುಕ ಎಂಗೋ ನೋಡ್ಲಿ? ಇನ್ನೊಂದ್ ದಪ ಅಂಗಾಗಲ್ಲ ಅಂತ ಯಾರ್ ಗ್ಯಾರಂಟಿ ಕೊಡ್ತರೆ?" ಎಂದಳು.

"ನಾನು" ಅಂದರು ಭಾವ, ಪೇಪರಿನ ಹಿಂದಿನಿಂದ.

ನಾನು ಹೌಹಾರಿದೆ. ಬ್ಯಾಂಕಿನ ಸಾಲಕ್ಕೆ ಗ್ಯಾರಂಟಿ ಹಾಕುವುದಕ್ಕೇ ನಿದ್ದೆಗೆಡುವವನು ನಾನು. ಇವರು ಇಡೀ ಇಂಟರ್ನೆಟ್ಟಿಗೆ ಗ್ಯಾರಂಟಿ ಕೊಡುತ್ತಿದ್ದಾರೆ!

ಮಗಳು ವಿವರಿಸಿದಳು. "ಅಪ್ಪಾ, ಇದಕ್ಕೆ ಫೈರ್‌ವಾಲ್ ಅಂತ ಇರುತ್ತೆ. ಒಂದು ಚಿಕ್ಕ ಕಂಪ್ಯೂಟರ್ ಇಟ್ಟು, ಬೀದಿಯಿಂದ ಬರೋ ವೈರು ಮೊದಲು ಅದರೊಳಗೆ ಹೋಗಿ ಆಮೇಲೆ ಮನೆಗೆ ಬರೋ ಹಾಗೆ ಮಾಡಿದ್ರೆ ಆಯ್ತು. ಯಾವುದನ್ನ ಬಿಡಬೇಕು, ಯಾವುದನ್ನ ತಡೀಬೇಕು ಅಂತ ಅದು ನೋಡ್ಕೊಳುತ್ತೆ."

"ತೂಬು ಅನ್ನು."

"ಹೂಂ, ತೂಬೇ."

"ಅಂಗಾರೆ ಇಷ್ಟ್ ವರ್ಸ ತೂಬೇ ಇಲ್ದೆ ಮನೆ ಒಳೀಕೆ ನಾಲೆ ತಿರುಗಿಸ್ಕಂಡು ಕೂತಿದ್ದೀವಲ್ಲಮ್ಮ, ನಾವೇನ್ ಮನುಸ್ರಾ?"

ಅವತ್ತಿನಿಂದ ಭಾವ ಮತ್ತೆ ಡ್ಯೂಟಿಗೆ ಹಾಜರಾದರು.

ಮೊದಲ ಬಲಿ ನಾನು. ನಮ್ಮ ಮನೆಯಲ್ಲಿ ಒಂದು ಮುದಿ ಕಂಪ್ಯೂಟರಿತ್ತು. ಬಿಸಾಡಿದ ಮರುದಿನವೇ ಬೇಕಾದೀತೆಂಬ ಭಯಕ್ಕೆ ಇಟ್ಟುಕೊಂಡಿದ್ದೆ. ಅದನ್ನು ಮಡಿಲಲ್ಲಿ ಕೂರಿಸಿಕೊಂಡು, ಜ್ವರ ಬಂದ ಮಗುವನ್ನು ಒಯ್ಯುವ ಹಾಗೆ ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಒಯ್ದೆ. ಜೊತೆಗೆ ಒಂದು ಪೊಟ್ಟಣ ವಡೆ. ಮದ್ದೂರಿನವನು ಬರಿಗೈಯಲ್ಲಿ ನೆಂಟರ ಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಸ್ವಿಚ್ಚು ಹಾಕಿದ್ದೇ ತಡ, ಅದರ ಹಳೇ ಫ್ಯಾನು ಭರ್ರೋ ಎಂದು ಎದ್ದಿತು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನ್ರಮ್ಮೋ, ಇಟ್ಟಿನ ಮಿಸೀನು ತಂದ್ರಾ? ನಮ್ದೂ ಒಸಿ ರಾಗಿ ಅದೆ" ಎಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಕಂಪ್ಯೂಟರಿನ ಹಸಿವು ತಾಳಲಾರದೆ ಅಕ್ಕನ ಮನೆಯ ಇನ್ವರ್ಟರು ಕುಂಯ್‌ಗುಟ್ಟತೊಡಗಿತು.

"ಏನ್ಲಾ ಇದು? ಇದು ತಿನ್ನೋ ಕರೆಂಟ್ನಲ್ಲಿ ನಾನು ಪಂಪ್‌ಸೆಟ್ ಓಡುಸ್ತೀನಿ" ಎಂದರು ಭಾವ. "ತೂಬು ಅನ್ನೋದು ಅಗ್ಲೂ ರಾತ್ರಿ ಎದ್ದಿರ್ಬೇಕು. ಕರೆಂಟ್ ಓದಾಗ್ಲೂ ಎದ್ದಿರ್ಬೇಕು. ಅಂಗಿರೋದು ಮಿತವಾಗಿ ಉಣ್ಬೇಕು, ಬಾಯ್ ಮುಚ್ಕಂಡಿರ್ಬೇಕು."

"ಇದನ್ನ ಹಿತ್ತಿಲ ಅಟ್ಟದ ಮೇಲಿಡಿ ಭಾವ, ಸದ್ದು ಕೇಳೋದಿಲ್ಲ" ಎಂದೆ.

"ಆಗಾಕಿಲ್ಲ. ವೈರು ಮುಂದಿನ ಕ್ವಾಣೆ ಕಿಟ್ಕೀಲಿ ಬತ್ತದೆ. ಅಲ್ಲೇ ಕೂರ್ಬೇಕು."

ಜಗಲಿಗೆ ತೆರೆಯುವ ಕಿಟಕಿ ಅದು. ವೈರನ್ನು ಒಳಕ್ಕೆ ಎಳೆಸಬಹುದಲ್ಲ ಎಂದೆ. ಭಾವ ನನ್ನನ್ನು ದುರುಗುಟ್ಟಿಕೊಂಡು ನೋಡಿ, "ತೂಬನ್ನ ನಾಲೆ ಬಾಯ್ಗೆ ಇಡ್ತಾರೋ, ಗದ್ದೆ ತುದೀಗ್ ಇಡ್ತಾರೋ?" ಎಂದರು. ಮುದಿ ಕಂಪ್ಯೂಟರನ್ನು ಮತ್ತೆ ಮಡಿಲಿಗೆ ಹಾಕಿಕೊಂಡು ಊರಿಗೆ ಬಂದೆ.

ಎರಡನೆಯ ಅಂಕ ನಡೆದದ್ದು ಮದ್ದೂರಿನ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಂಗಡಿಯಲ್ಲಿ. ಹೆದ್ದಾರಿಯ ಪಕ್ಕ. ಲಾರಿ, ಬಸ್ಸು, ಹಾರನ್ನು. ಸದ್ದಿಲ್ಲದ ಯಂತ್ರ ಹುಡುಕಲು ಇದಕ್ಕಿಂತ ಪ್ರಶಸ್ತವಾದ ಜಾಗ ಇನ್ನೆಲ್ಲಿದೆ ಹೇಳಿ! ಭಾವ ಒಳಗೆ ಹೋದವರೇ ಅಂಗಡಿಯವನಿಗೆ ಮೊದಲು ತಲೆ ಮೇಲಿನ ಫ್ಯಾನು ಆರಿಸಲು ಹೇಳಿದರು. ಆರಿಸಿದ. ಬಾಗಿಲು ಹಾಕಲು ಹೇಳಿದರು. ಹಾಕಿದ. ಪಕ್ಕದ ಟೈಲರಿಗೆ ಒಂದು ಘಳಿಗೆ ಮಿಷನ್ನು ನಿಲ್ಲಿಸಲು ಹೇಳಿ ಎಂದರು.

"ಸಾ, ನೀವು ಕಂಪ್ಯೂಟರ್ ನೋಡಾಕ್ ಬಂದ್ರಾ, ಎಣ್ ನೋಡಾಕ್ ಬಂದ್ರಾ?" ಎಂದ ಅಂಗಡಿಯವನು.

"ಎಣ್ ನೋಡಾಕ್ ಓದಾಗ ಇಷ್ಟೆಲ್ಲಾ ಕೇಳ್ನಿಲ್ಲ ಕಣಪ್ಪ. ಅವರು ಎಣ್ಣಿನ್ ಕೈಲಿ ಒಂದ್ ಆಡು ಏಳ್ಸುದ್ರು, ನಾನು ಊಂ ಅಂದೆ. ಮುಗೀತು."

ಅಂಗಡಿಯವನು ಒಂದೊಂದಾಗಿ ಪುಟ್ಟ ಡಬ್ಬಿಗಳನ್ನು ಹಚ್ಚುತ್ತ ಹೋದ. ಭಾವ ಬೆವರೊರೆಸಿಕೊಳ್ಳುತ್ತ ಸ್ಕೇಲು ಹಚ್ಚುತ್ತ ಹೋದರು. ಒಂದಕ್ಕೆ ಒಳಗೆ ರೂಪಾಯಿಯಷ್ಟಗಲದ ಫ್ಯಾನಿತ್ತು. "ಸೊಳ್ಳೆ" ಎಂದರು. ಇನ್ನೊಂದು ನಿಶ್ಶಬ್ದವೇ, ಆದರೆ ವೈರು ಚುಚ್ಚುವ ತೂತು ಒಂದೇ. "ಒಳೀಕ್ ಬರೋ ನೀರ್ಗೂ ಆಚೀಕ್ ಓಗೋ ನೀರ್ಗೂ ಒಂದೇ ಬಾಯಿ ಇದ್ರೆ ಅದು ತೂಬಲ್ಲ ಕಣಪ್ಪ, ತಂಬ್ಗೆ" ಎಂದು ಪಕ್ಕಕ್ಕಿಟ್ಟರು. ಮೂರನೆಯದಕ್ಕೆ ಸ್ಕೇಲು ಹಚ್ಚಿದವರು ಬಹಳ ಹೊತ್ತು ಕದಲಲಿಲ್ಲ. ಮುಖ ಬಿಗಿಯಿತು. ಹುಬ್ಬು ಗಂಟಾಯಿತು.

"ಯಾನೋ ಕರಕರ ಅಂತದೆ" ಎಂದರು.

ಅಂಗಡಿಯವನು ಕಿವಿ ಕೊಟ್ಟ. ಟೈಲರೂ ಬಂದು ಕಿವಿ ಕೊಟ್ಟ. ಅವರಿಗೆ ಏನೂ ಕೇಳಿಸಲಿಲ್ಲ. ಭಾವ ಕಣ್ಣು ತೆರೆಯದೆಯೇ ಕೈ ಚಾಚಿ ನನ್ನ ದಿಕ್ಕಿಗೆ ಬೆರಳು ತೋರಿಸಿದರು.

"ಲೇ, ಆ ವಡೆ ಅಗಿಯೋದ್ ನಿಲ್ಸ್ಲಾ!"

ಗಾಬರಿಯಾದಾಗ ನನಗೆ ಬಾಯಾಡಿಸುವ ಅಭ್ಯಾಸ. ತುಂಡು ಹಾಗೇ ಗಂಟಲಿಗಿಳಿದು ಕೆಮ್ಮು ಹತ್ತಿತು. ಅಂಗಡಿಯವನು ನೀರು ಕೊಟ್ಟ. ಆಮೇಲೆ ನೋಡಿದರೆ ಆ ಯಂತ್ರಕ್ಕೂ ಒಂದೇ ತೂತು.

ಕೊನೆಗೆ ಅಂಗಡಿಯವನಿಗೆ ನಮ್ಮ ಮೇಲೆ ಕರುಣೆ ಬಂತೋ, ನಮ್ಮನ್ನು ಸಾಗಹಾಕಿದರೆ ಸಾಕೆನಿಸಿತೋ, "ಮಳವಳ್ಳೀಲಿ ನಮ್ಮ ಬಾಮೈದುಂದು ರೈಸ್‌ಮಿಲ್ ಅದೆ ಸಾ. ಬಿಲ್ ಆಕಾಕೆ ಅಂತ ಒಂದ್ ಇಂಥದೇ ಮಡಗವ್ನೆ. ಎರಡ್ ತೂತದೆ. ಈಗ ದೊಡ್ಡದು ತಗೊಂಡವ್ನಂತೆ. ಕೇಳಿ ನೋಡಿ" ಎಂದ.

ಮಳವಳ್ಳಿಯ ಬಸ್ಸಿನಲ್ಲಿ ಡ್ರೈವರು ಹಾಡು ಹಾಕಿದ್ದ. ಅದನ್ನು ಹಾಡು ಎನ್ನುವುದಕ್ಕಿಂತ ಬಸ್ಸಿನ ಬಿಡಿಭಾಗಗಳ ಜಗಳ ಎನ್ನಬಹುದು. ಭಾವ ಎರಡೂ ಕಿವಿಗೆ ಹತ್ತಿ ತುಂಬಿಕೊಂಡು ಕೂತರು. ಕಂಡಕ್ಟರು ಟಿಕೆಟ್ ಕೇಳಿದ, ಇವರಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದ. "ಯಜಮಾನ್ರಿಗೆ ಕಿವಿ ಮಂದವಾ?" ಎಂದು ನನ್ನನ್ನು ಅನುಕಂಪದಿಂದ ಕೇಳಿದ. ಹೌದೆಂದು ತಲೆಯಾಡಿಸಿದೆ. ನನ್ನ ಬದುಕಿನ ಅತಿ ದೊಡ್ಡ ಸುಳ್ಳು ಅದೇ ಇರಬೇಕು.

ಇನ್ನು ರೈಸ್‌ಮಿಲ್ಲು. ಆಫೀಸು ರೂಮಿನಲ್ಲಿ ನಿಂತರೆ ನೆಲವೇ ಅದುರುತ್ತಿತ್ತು. ಟೇಬಲ್ಲಿನ ಮೇಲೆ, ಟಿಫಿನ್ ಡಬ್ಬಿಯಷ್ಟೇ ಗಾತ್ರದ, ಮೈಮೇಲೆಲ್ಲ ಗೀರುಗೀರು ತಗಡಿನ ಸಾಲಿದ್ದ ಕಂಪ್ಯೂಟರು ತೌಡಿನ ಧೂಳು ಹೊದ್ದು ಕೂತಿತ್ತು. ಎರಡು ತೂತು. ಇದಕ್ಕೆ ಫ್ಯಾನೇ ಇಲ್ಲವಂತೆ, ಬಿಸಿಯನ್ನೆಲ್ಲ ಮೈಯಿಂದಲೇ ಬಿಡುತ್ತದಂತೆ. ಫ್ಯಾನಿದ್ದ ಕಂಪ್ಯೂಟರುಗಳು ತೌಡು ಕುಡಿದು ಕುಡಿದು ಸತ್ತವಂತೆ, ಇದು ಬಾಯಿ ಮುಚ್ಚಿಕೊಂಡಿದ್ದರಿಂದ ಬದುಕಿತಂತೆ. ಇದನ್ನೆಲ್ಲ ಮಿಲ್ಲಿನ ಮಾಲೀಕ ಕೂಗಿ ಕೂಗಿ ಹೇಳಿದ. ಭಾವನ ಕಣ್ಣಲ್ಲಿ ಬೆಳಕು ಕಂಡಿತು. ಹತ್ತಿ ತೆಗೆದು ಸ್ಕೇಲು ಹೊರಗೆಳೆದರು.

ಆದರೆ ಕೇಳುವುದು ಹೇಗೆ? ಸ್ಕೇಲಿನಲ್ಲಿ ಬರುತ್ತಿದ್ದುದು ಇಡೀ ಮಿಲ್ಲು.

"ಒಂದೈದ್ ನಿಮ್ಸ ಮಿಲ್ ನಿಲ್ಸ್ತೀರಾ?" ಎಂದರು ಭಾವ.

"ಯಾನಂದ್ರಿ?"

"ಮಿಲ್ಲು! ನಿಲ್ಸಿ!"

ಮಾಲೀಕ ನನ್ನ ಕಡೆ ತಿರುಗಿದ. "ಇವ್ರನ್ನ ಒಬ್ರನ್ನೇ ಆಚೀಕೆ ಬುಡ್ಬ್ಯಾಡಿ ಕಣಣ್ಣ" ಎಂದು ನನ್ನ ಕಿವಿಯಲ್ಲಿ ಕೂಗಿದ.

ಭಾವ ಜಗ್ಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ಕರೆಂಟ್ ಓಯ್ತದೆ, ಕಾಯಣ" ಎಂದರು. ನಮ್ಮ ಕಡೆಯ ಕರೆಂಟಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಕರೆಂಟೂ ಅವರ ಮಾತು ಉಳಿಸಿಕೊಟ್ಟಿತು, ಟೀ ಬರುವಷ್ಟರಲ್ಲಿ ಹೋಯಿತು. ಬೆಲ್ಟುಗಳು ಏದುಸಿರು ಬಿಡುತ್ತ ನಿಂತವು. ಭಾವ ಗೆದ್ದವರಂತೆ ಎದ್ದರು. ಆಗ ನನ್ನ ಹುಟ್ಟುಗುಣ ಸುಮ್ಮನಿರಬೇಕಲ್ಲ?

"ಭಾವ, ಕರೆಂಟು ಹೋದ ಮೇಲೆ ಆ ಡಬ್ಬೀನೂ ಆರಿಹೋಗಿರುತ್ತಲ್ಲ?" ಎಂದೆ.

ಭಾವ ಎದ್ದವರು ಹಾಗೇ ನಿಂತರು. ಇಷ್ಟು ದೂರ ಬಂದದ್ದೂ ದಂಡ, ಕಾದದ್ದೂ ದಂಡ. ಮಾಲೀಕನೂ ಬಗ್ಗಿ ನೋಡಿ, "ಸದ್ದೇ ಇಲ್ಲ, ಆರೋಗದೆ" ಎಂದ. ಭಾವ ನಿಧಾನಕ್ಕೆ ತೌಡಿನ ಧೂಳನ್ನು ಬೆರಳಿನಿಂದ ಒರೆಸಿದರು. ಒಳಗೆ ಸಾಸಿವೆ ಕಾಳಿನಷ್ಟು ಒಂದು ಹಸಿರು ದೀಪ ಉರಿಯುತ್ತಿತ್ತು. ಮೇಜಿನ ಕೆಳಗಿದ್ದ ಪುಟ್ಟ ಬ್ಯಾಟರಿಯಲ್ಲಿ ಅದು ತನ್ನಷ್ಟಕ್ಕೆ ತಾನು ಓಡುತ್ತಲೇ ಇತ್ತು. ಇದ್ದದ್ದೇ ಯಾರಿಗೂ ಗೊತ್ತಾಗಿರಲಿಲ್ಲ.

ಭಾವ ಸ್ಕೇಲು ಹಚ್ಚಿದರು. ಕೇಳಿದರು. ಸ್ಕೇಲು ತೆಗೆದು ಕಿವಿಯನ್ನೇ ಹಚ್ಚಿದರು. ಎದ್ದು ನಿಂತಾಗ ಕೆನ್ನೆಯಲ್ಲಿ ಗೀರುಗೀರಾಗಿ ತೌಡು.

"ಕಟ್ಕೊಡಪ್ಪ" ಎಂದರು.

ಮಗಳು ಒಂದು ಭಾನುವಾರ ಕೂತು ಅದನ್ನು ಕಿಟಕಿಯಲ್ಲಿ ಸ್ಥಾಪಿಸಿ, ಕೆಟ್ಟ ಜಾಗಗಳಿಗೆಲ್ಲ ಬೇಲಿ ಹಾಕಿ, ಅಪ್ಪನಿಗೆ ನಿಯಮ ಬರೆಯುವುದು ಹೇಗೆಂದು ತೋರಿಸಿಕೊಟ್ಟಳು. ಅವಳು ಮಾಡಿದ ತಪ್ಪು ಅದೊಂದೇ. ನಾಲೆಯಲ್ಲಿ ಕಟ್ಟು ಪದ್ಧತಿ ಎಂದು ಒಂದುಂಟು. ಎಲ್ಲರಿಗೂ ಎಲ್ಲ ಕಾಲದಲ್ಲೂ ನೀರಿಲ್ಲ, ಸರದಿಯ ಪ್ರಕಾರ ಬಿಡುವುದು, ಸರದಿ ಮುಗಿದರೆ ಗೇಟು ಬಂದ್. ಭಾವ ಅದನ್ನು ಮನೆಯ ಇಂಟರ್ನೆಟ್ಟಿಗೆ ತಂದರು. ಅಡುಗೆಮನೆಗೆ ಬೆಳಿಗ್ಗೆ. ಮಗಳ ಹಿಂದಿನ ಕೋಣೆಗೆ ಸಂಜೆ. ಮುಂದಿನ ಕೋಣೆಗೆ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಯ ಕಾಲ, ಆಗ ಮಿಕ್ಕವರಿಗೆಲ್ಲ ಬಂದ್.

"ಅಪ್ಪಾ, ಕಡೇ ಭಾಗಕ್ಕೆ ಇನ್ನೂ ನೀರು ಮುಟ್ಟಿಲ್ಲ" ಎಂದು ಹಿಂದಿನ ಕೋಣೆಯಿಂದ ಮಗಳ ಮೊರೆ.

"ಅರ್ಜಿ ಕೊಡಮ್ಮ" ಎಂದು ಜಗಲಿಯಿಂದ ಅಪ್ಪನ ಉತ್ತರ.

ನನ್ನ ಸ್ಥಿತಿ ಇನ್ನೂ ಶೋಚನೀಯ. ಹೊರ ತಾಲ್ಲೂಕಿನವನೆಂದು ನನ್ನ ಫೋನನ್ನು ಬೇರೆಯೇ ಒಂದು ಕಾಲುವೆಗೆ ಹಾಕಿದ್ದರು. ಅದರಲ್ಲಿ ಹನಿಯೂ ಬರುತ್ತಿರಲಿಲ್ಲ. ಮನೆ ಬೀಗದ ಫೋಟೋ ತೆಗೆದು ಕಳಿಸು ಎಂದು ಹೆಂಡತಿಗೆ ಮೆಸೇಜು ಹಾಕಿದರೆ ಅದು ಸಂಜೆಯವರೆಗೂ ಗುತ್ತಲಿನಲ್ಲೇ ತಿರುಗುತ್ತಿತ್ತು.

ಇಷ್ಟೆಲ್ಲ ಆದರೂ ಅಕ್ಕ ಬೀರುವಿನ ಕಡೆ ನೋಡಲಿಲ್ಲ. ಮಗಳು ಗೋಗರೆದಳು. ನಾನು ಗೋಗರೆದೆ. ಭಾವ ಮಾತ್ರ ಕಿಟಕಿಯಲ್ಲಿದ್ದ ಆ ಡಬ್ಬಿಯ ಧೂಳನ್ನು ದಿನಾ ಒರೆಸಿ ಜಗಲಿಗೆ ಹೋಗಿ ಕೂರುತ್ತಿದ್ದರು. ಖಾಲಿ ಕೋಣೆಯ ಎದುರು ಪೇಪರ್ ಹಿಡಿದು ಕೂತ ಆ ಮನುಷ್ಯನನ್ನು ನೋಡಿ ಅಕ್ಕನಿಗೇನನ್ನಿಸಿತೋ, ಒಂದು ಶನಿವಾರ ನಾನು ವಡೆ ಹಿಡಿದುಕೊಂಡು ಹೋಗುವಷ್ಟರಲ್ಲಿ ಸೀರೆಯ ಗಂಟು ಬಿಚ್ಚಿ ಶ್ರುತಿಪೆಟ್ಟಿಗೆ ಒರೆಸುತ್ತಿದ್ದಳು.

"ಒಂದಿನ ನೋಡ್ತೀನಿ. ಏನಾರ ಎಡವಟ್ಟಾದ್ರೆ ಇದೇ ಕೊನೆ ಕಣೋ" ಎಂದಳು.

ಮಧ್ಯಾಹ್ನ ಪರದೆಯ ಮೇಲೆ ಮುಖಗಳು ಒಂದೊಂದಾಗಿ ಅರಳಿದವು. ಹೆಡ್‌ಮಿಸ್ಸು ಬಂದಾಗ ಅಕ್ಕ ತಲೆ ತಗ್ಗಿಸಿಬಿಟ್ಟಳು. ಆಕೆಯೇ ಮಾತು ತೆಗೆದರು.

"ಅಕ್ಕಾ, ನಿಮ್ಮ ಆ ಮೆಸೇಜು ನೋಡಿ ನಾನು ಬೆಳಿಗ್ಗೆ ವಾಕಿಂಗ್ ಶುರು ಮಾಡಿದ್ದೀನಿ. ಮಂಡಿನೋವು ಎಷ್ಟೋ ವಾಸಿ."

ಅಷ್ಟೇ, ಕಟ್ಟೆ ಒಡೆಯಿತು. ಯಾರ ಮನೆಯ ಮದುವೆ, ಯಾರ ಸೊಸೆಗೆ ಎಷ್ಟು ತಿಂಗಳು, ಯಾರ ಕಣ್ಣಿನ ಆಪರೇಷನ್ನು, ನಿಂತುಹೋಗಿದ್ದ ಇಷ್ಟು ದಿನಗಳ ಮಾತೆಲ್ಲ ಒಟ್ಟಿಗೆ ಹರಿಯಿತು. ಕೊನೆಗೆ ಯಾರೋ "ಹಾಡು" ಎಂದು ನೆನಪಿಸಿದರು. ಅಕ್ಕ ಶ್ರುತಿ ಹಚ್ಚಿ, ಕಣ್ಣು ಮುಚ್ಚಿ, ಮೊದಲ ಸಾಲು ಎತ್ತಿದಳು. ಹೆಂಗಸರು ಬಾಯಿ ತೆರೆದರು.

ತೆರೆದ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತು.

ಒಂದು ಗಂಟೆ ಮುಗಿದಿತ್ತು. ಸರದಿ ತೀರಿ ಗೇಟು ಬಂದಾಗಿತ್ತು! ಪಾಠಕ್ಕೆ ಬೇಕಾದ ನೀರನ್ನು ಭಾವ ಕರಾರುವಾಕ್ಕಾಗಿ ಲೆಕ್ಕ ಹಾಕಿದ್ದರು. ಹರಟೆಗೆ ಒಂದು ತೊಟ್ಟೂ ಬಿಟ್ಟಿರಲಿಲ್ಲ.

ಮುಗಿಯಿತು, ಪೆಟ್ಟಿಗೆ ಮತ್ತೆ ಬೀರುವಿನ ಮೇಲಕ್ಕೆ ಎಂದುಕೊಂಡೆ. ಅಕ್ಕ ಕಣ್ಣು ತೆರೆದು ಹಾಡು ನಿಲ್ಲಿಸಿದಳು. ಮರುಕ್ಷಣವೇ ಭಾವ ಜಗಲಿಯಿಂದ ಧಡಧಡನೆ ಒಳಗೆ ಬಂದು, "ಯಾಕ್ ನಿಂತೋಯ್ತು?" ಎಂದರು. ಯಾರೂ ಅವರಿಗೆ ಹೇಳಿರಲಿಲ್ಲ. ಆಗ ನಾನದನ್ನು ಗಮನಿಸಲಿಲ್ಲ.

ಅಕ್ಕ ಪರದೆ ನೋಡಿದಳು. ಸಾಲಾಗಿ ಬಾಯಿ ತೆರೆದು ಕಲ್ಲಾದ ಹೆಂಗಸರು, ನಡುವೆ ಹೆಡ್‌ಮಿಸ್ಸು ಆಕಳಿಸುವ ಹಾಗೆ. ಗಂಡನನ್ನು ನೋಡಿದಳು. ಮತ್ತೆ ಪರದೆ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು ನೋಡಿ, ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲದ ನಗು, ಕಣ್ಣಲ್ಲಿ ನೀರು ಬರುವ ನಗು.

"ಅಯ್ಯೋ, ಆಡೋಕ್ ಬುಡ್ರೀ ನಮ್ಮನ್ನ. ನಾಲೆ ಅಲ್ಲ ಕಣ್ರೀ ಇದು" ಎಂದಳು.

ಭಾವ ಕಟ್ಟು ಪದ್ಧತಿಯನ್ನು ಆ ಕ್ಷಣವೇ ರದ್ದು ಮಾಡಿದರು, ಮುಂದಿನ ಕೋಣೆಗೆ ಮಾತ್ರ. ಮಗಳ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ಪರದೆಯ ಹೆಂಗಸರಿಗೆ ಮತ್ತೆ ಜೀವ ಬಂತು. ಅಕ್ಕ ನಮ್ಮಿಬ್ಬರನ್ನೂ ಆಚೆಗಟ್ಟಿದಳು. ಭಾವ ಪೇಪರ್ ಎತ್ತಿಕೊಂಡರು, ನಾನು ವಡೆಯ ಪೊಟ್ಟಣ ಎತ್ತಿಕೊಂಡೆ. ಕಿಟಕಿಯ ಕೆಳಗೆ ಜಗಲಿಯಲ್ಲಿ ಕೂತೆವು. ತಲೆಯ ಮೇಲೆ ಆ ಡಬ್ಬಿ, ಸಾಸಿವೆ ಕಾಳಿನಷ್ಟು ಹಸಿರು ದೀಪ ಹಚ್ಚಿಕೊಂಡು ಸದ್ದಿಲ್ಲದೆ ಕಾವಲಿತ್ತು. ಒಳಗೆ ಶ್ರುತಿ ಎದ್ದಿತು. ಅದರ ಮೇಲೆ ಅಕ್ಕನ ದನಿ.

"ಅಲ್ಲ ಭಾವ," ಎಂದೆ ನಾನು, "ಪರದೆಯ ಆ ಕಡೆಯವರಿಗೆ ಫೋನಿನ ಮೈಕು ಇದೆ, ಕೇಳುತ್ತೆ. ಅಷ್ಟು ಸಣ್ಣ ಫ್ಯಾನು ಇದ್ದಿದ್ದರೆ ಯಾರಿಗೇನು ತೊಂದರೆಯಾಗ್ತಿತ್ತು? ನೀವಂತೂ ಆಚೆ ಕೂರೋರು."

ಭಾವ ಬೆರಳು ತುಟಿಗಿಟ್ಟರು. ಒಂದು ಚರಣ ಮುಗಿಯುವವರೆಗೂ ತೆಗೆಯಲಿಲ್ಲ.

"ಅವ್ಳು ಮೆಲ್ಗೆ ಆಡ್ತಾಳೆ ಕಣ್ಲಾ" ಎಂದರು, ತಾವೂ ಮೆಲ್ಲಗೆ. "ಎದ್ರುಗ್ ಕೂತ್ರೆ ಗಂಟ್ಲು ಕಟ್ಕೊಂಡ್ ನಿಲ್ಸ್ಬುಡ್ತಾಳೆ. ಎಣ್ ನೋಡಾಕ್ ಓದಾಗ್ಲೂ ಅಂಗೇ ಮಾಡುದ್ಲು. ಅರ್ಧಕ್ಕೇ ನಿಲ್ಸ್‌ಬುಟ್ಲು. ಮಿಕ್ಕಿದ್ದ ಕೇಳಣ ಅಂತ ಆಚೀಗ್ ಬಂದು ಕೂತೆ. ಅವತ್ನಿಂದ ಇಲ್ಲೇ." ಕಿಟಕಿಯ ಕಡೆ ಗಲ್ಲ ಎತ್ತಿದರು. "ಅಲ್ಲಿ ಏನಾರ ಗುಂಯ್ ಅಂತಿದ್ರೆ ನಂಗೆ ಕೇಳಾಕಿಲ್ಲ."

ಆ ಕೋಣೆಯ ಸೆಲ್ ಕಿತ್ತ ಗಡಿಯಾರ ನನಗೆ ಆಗ ನೆನಪಾಯಿತು. ಅವರ ಕೈಯಲ್ಲಿದ್ದ ಪೇಪರ್ ಮೊನ್ನೆಯದು.

"ಅಕ್ಕಂಗೆ ಗೊತ್ತಾ?"

"ಯೋಳ್ಬ್ಯಾಡ. ಗೊತ್ತಾದ್ರೆ ಕಿಟ್ಕಿ ಆಕ್ಬುಡ್ತಾಳೆ."

ಒಳಗೆ ಅಕ್ಕ ಮುಂದಿನ ಚರಣ ಎತ್ತಿದಳು. ಭಾವ ಕಣ್ಣು ಮುಚ್ಚಿದರು. ನನ್ನ ಬಾಯಲ್ಲಿ ಆಗಷ್ಟೇ ಕಚ್ಚಿದ ವಡೆಯ ತುಂಡೊಂದಿತ್ತು, ಚೆನ್ನಾಗಿ ಗರಿಗರಿಯಾದದ್ದು. ಹಾಡು ಮುಗಿಯುವವರೆಗೂ ನಾನದನ್ನು ಅಗಿಯಲಿಲ್ಲ.